ಭೂತಕಾಲದ ಕ್ರಿಯಾಪದದ ಜೊತೆ ಯಾವ ಪ್ರಿಪೊಸಿಷನ್? ಇಂಗ್ಲಿಷ್ ಬರೆಯುವ ಕನ್ನಡಿಗರಿಗೆ ಹಂತ ಹಂತದ ಮಾರ್ಗದರ್ಶಿ

ನಡೆದುಹೋದ ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಮ್ಮಲ್ಲಿ ಹೆಚ್ಚಿನವರು ಕ್ರಿಯಾಪದದ ರೂಪದಲ್ಲಿ ಎಡವುವುದಿಲ್ಲ. ‘ಗೋ’ ಎಂಬುದು ‘ವೆಂಟ್’ ಆಗುತ್ತದೆ, ‘ಥಿಂಕ್’ ಎಂಬುದು ‘ಥಾಟ್’ ಆಗುತ್ತದೆ ಎಂಬುದನ್ನು ಶಾಲೆಯಲ್ಲಿಯೇ ಬಾಯಿಪಾಠ ಮಾಡಿರುತ್ತೇವೆ. ತೊಡಕು ಇರುವುದು ಅದರ ಬೆನ್ನಿಗೆ ಬರುವ ಚಿಕ್ಕ ಪದದಲ್ಲಿ. ‘ಆಟ್’ ಬರಬೇಕೋ ‘ಟು’ ಬರಬೇಕೋ, ಅಥವಾ ಏನೂ ಬೇಡವೋ ಎಂಬ ಪ್ರಶ್ನೆಗೆ ವ್ಯಾಕರಣ ಪುಸ್ತಕದ ಸೂತ್ರ ಹೆಚ್ಚು ನೆರವಾಗುವುದಿಲ್ಲ. ಏಕೆಂದರೆ ಪ್ರಿಪೊಸಿಷನ್‌ನ ಆಯ್ಕೆಯನ್ನು ಬಹುಪಾಲು ಮಾಡುವುದು ಅದರ ಮುಂದಿರುವ ನಾಮಪದವಲ್ಲ, ಹಿಂದಿರುವ ಕ್ರಿಯಾಪದ.

ಇದು ಕನ್ನಡಕ್ಕೆ ಹೊಸದೇನಲ್ಲ. ನಾವು ‘ಹಾವನ್ನು ಕಂಡ’ ಎನ್ನುತ್ತೇವೆ, ಆದರೆ ‘ಹಾವಿಗೆ ಹೆದರಿದ’ ಎನ್ನುತ್ತೇವೆ. ಹಾವು ಅದೇ ಆದರೂ ವಿಭಕ್ತಿ ಬದಲಾಯಿತು, ಬದಲಾಯಿಸಿದ್ದು ಕ್ರಿಯಾಪದ. ಹಳೆಯ ಇಂಗ್ಲಿಷಿನಲ್ಲೂ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದುಹೋದಂತೆ, ಅವು ಮಾಡುತ್ತಿದ್ದ ಕೆಲಸವನ್ನು ಪ್ರಿಪೊಸಿಷನ್‌ಗಳೂ ಪದಗಳ ಕ್ರಮವೂ ಹಂಚಿಕೊಂಡವು. ಆದ್ದರಿಂದ ಕನ್ನಡದ ಒಂದು ಪ್ರತ್ಯಯಕ್ಕೆ ಇಂಗ್ಲಿಷಿನ ಒಂದು ಪ್ರಿಪೊಸಿಷನ್ ಎಂದು ಗಂಟು ಹಾಕುವ ಅಭ್ಯಾಸವನ್ನು ಮೊದಲು ಬಿಡಬೇಕು.

ಇಲ್ಲಿನ ಉದಾಹರಣೆಗಳನ್ನು ಕಿವಿಗೆ ಕೇಳಿಸುವ ಹಾಗೆ ಬರೆಯಲಾಗಿದೆ. ಭೂತಕಾಲದ ‘ಇಡಿ’ ಎಂಬ ಎರಡು ಅಕ್ಷರಗಳಿಗೆ ಮೂರು ಉಚ್ಚಾರಣೆಗಳಿರುವುದರಿಂದ ‘ಲುಕ್ಟ್’, ‘ಲಿಸನ್ಡ್’, ‘ವೇಟೆಡ್’ ಎಂಬ ಬೇರೆ ಬೇರೆ ಕೊನೆಗಳು ಕಾಣುತ್ತವೆ. ಒಂದೇ ‘ಎಫ್’ ಇರುವ ಸಂಬಂಧಸೂಚಕ ಪದವನ್ನು ‘ಅವ್’ ಎಂದೂ, ಎರಡು ‘ಎಫ್’ ಇರುವುದನ್ನು ‘ಆಫ್’ ಎಂದೂ ಬರೆದಿದ್ದೇನೆ.

ಮೊದಲ ಹೆಜ್ಜೆ: ಕ್ರಿಯಾಪದ ಮತ್ತು ಪ್ರಿಪೊಸಿಷನ್ ಅನ್ನು ಒಂದೇ ಪದವೆಂಬಂತೆ ಕಲಿಯಿರಿ

ಕಾಲ ಬದಲಾದರೆ ಪ್ರಿಪೊಸಿಷನ್ ಬದಲಾಗುವುದಿಲ್ಲ. ‘ವೇಟ್ ಫಾರ್’ ಎಂಬ ಜೋಡಿ ‘ವೇಟೆಡ್ ಫಾರ್’, ‘ವಾಸ್ ವೇಟಿಂಗ್ ಫಾರ್’, ‘ಹ್ಯಾಡ್ ವೇಟೆಡ್ ಫಾರ್’ ಎಂದು ರೂಪ ಬದಲಿಸುತ್ತಾ ಹೋದರೂ ‘ಫಾರ್’ ಅಲ್ಲಿಯೇ ಇರುತ್ತದೆ. ಹೀಗಿರುವಾಗ ‘ವೇಟ್’ ಎಂದರೆ ಕಾಯು ಎಂದಷ್ಟೇ ಬರೆದಿಟ್ಟುಕೊಂಡರೆ ಕಲಿಕೆ ಅರ್ಧವಾಗುತ್ತದೆ. ‘ವೇಟೆಡ್ ಫಾರ್ ಸಮ್‌ಒನ್’ ಎಂದು ಪೂರ್ತಿ ಬರೆದುಕೊಳ್ಳಬೇಕು. ‘ಡಿಪೆಂಡೆಡ್ ಆನ್’, ‘ಬಿಲಾಂಗ್ಡ್ ಟು’, ‘ಕನ್ಸಿಸ್ಟೆಡ್ ಅವ್’, ‘ಸಕ್ಸೀಡೆಡ್ ಇನ್’, ‘ಅಪಾಲಜೈಸ್ಡ್ ಫಾರ್’ ಮುಂತಾದವನ್ನು ಬಿಡಿಸಿ ಕಲಿತು ಪ್ರಯೋಜನವಿಲ್ಲ.

ಭೂತಕಾಲದ ರೂಪದಲ್ಲಿಯೇ ಕಲಿಯುವುದಕ್ಕೆ ಇನ್ನೊಂದು ಕಾರಣವಿದೆ. ಮಾತಿನಲ್ಲಿ ಈ ಎರಡು ಪದಗಳು ಬೆಸೆದುಕೊಳ್ಳುತ್ತವೆ. ‘ಲುಕ್ಟ್ ಆಟ್’ ಎಂಬುದು ‘ಲುಕ್ಟಟ್’ ಎಂದು ಕೇಳಿಸುತ್ತದೆ. ‘ಲಿಸನ್ಡ್ ಟು’ ಎನ್ನುವಾಗ ‘ಡ್’ ಧ್ವನಿ ಮುಂದಿನ ‘ಟ’ಕಾರದಲ್ಲಿ ಕರಗಿಹೋಗುತ್ತದೆ. ಕಿವಿಗೆ ಬೀಳದ್ದನ್ನು ಕೈ ಬರೆಯದೆ ಬಿಡುವುದು ಸಹಜ. ಆದ್ದರಿಂದ ‘ಟು’ ಬರುವ ಜೋಡಿಗಳಲ್ಲಿ ಭೂತಕಾಲದ ಕೊನೆ ಉಳಿದಿದೆಯೇ ಎಂದು ಬರೆದ ಮೇಲೆ ಒಮ್ಮೆ ನೋಡಿಕೊಳ್ಳಿ.

ಎರಡನೆಯ ಹೆಜ್ಜೆ: ಪ್ರಿಪೊಸಿಷನ್ ಬೇಡದ ಕ್ರಿಯಾಪದಗಳನ್ನು ಪ್ರತ್ಯೇಕಿಸಿ

ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಗಮನ ಬೇಡುವ ಹಂತ ಇದು. ಪ್ರಿಪೊಸಿಷನ್ ಬಿಟ್ಟುಹೋಗುವ ತಪ್ಪಿಗಿಂತ ಬೇಡದ ಕಡೆ ಸೇರಿಕೊಳ್ಳುವ ತಪ್ಪು ನಮ್ಮ ಬರಹಗಳಲ್ಲಿ ಹೆಚ್ಚು ಬೇರೂರಿದೆ. ‘ವೀ ಡಿಸ್ಕಸ್ಟ್ ಅಬೌಟ್ ದ ಪ್ಲ್ಯಾನ್’, ‘ಶೀ ರೀಚ್ಟ್ ಟು ದ ಸ್ಟೇಷನ್’, ‘ಹೀ ಮ್ಯಾರೀಡ್ ವಿತ್ ಹರ್’, ‘ದೇ ಎಂಟರ್ಡ್ ಇನ್‌ಟು ದ ರೂಮ್’, ‘ಐ ಆರ್ಡರ್ಡ್ ಫಾರ್ ಎ ಬುಕ್’, ‘ಹೀ ರಿಕ್ವೆಸ್ಟೆಡ್ ಫಾರ್ ಲೀವ್’, ‘ದ ಟೀಚರ್ ಎಂಫಸೈಸ್ಡ್ ಆನ್ ಗ್ರಾಮರ್’ — ಈ ಏಳರಲ್ಲೂ ನಡುವಿನ ಚಿಕ್ಕ ಪದವನ್ನು ತೆಗೆದುಹಾಕಬೇಕು. ‘ವೀ ಡಿಸ್ಕಸ್ಟ್ ದ ಪ್ಲ್ಯಾನ್’, ‘ಶೀ ರೀಚ್ಟ್ ದ ಸ್ಟೇಷನ್’, ‘ಹೀ ಮ್ಯಾರೀಡ್ ಹರ್’ ಎಂದಷ್ಟೇ ಸಾಕು.

ಈ ತಪ್ಪಿಗೆ ಕನ್ನಡದ ಪ್ರಭಾವವೊಂದೇ ಕಾರಣವಲ್ಲ, ಇಂಗ್ಲಿಷೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಇವುಗಳಲ್ಲಿ ಹಲವಕ್ಕೆ ನಾಮಪದದ ರೂಪವಿದ್ದು, ಆ ರೂಪಕ್ಕೆ ಪ್ರಿಪೊಸಿಷನ್ ಬೇಕೇ ಬೇಕು. ‘ಎ ಡಿಸ್ಕಷನ್ ಅಬೌಟ್ ದ ಪ್ಲ್ಯಾನ್’ ಸರಿ. ‘ಎ ರಿಕ್ವೆಸ್ಟ್ ಫಾರ್ ಲೀವ್’, ‘ಆ್ಯನ್ ಎಂಫಸಿಸ್ ಆನ್ ಗ್ರಾಮರ್’, ‘ಎ ಡಿಮಾಂಡ್ ಫಾರ್ ಚೇಂಜ್’, ‘ಆ್ಯನ್ ಆನ್ಸರ್ ಟು ದ ಕ್ವೆಶ್ಚನ್’, ‘ಆ್ಯನ್ ಅಟ್ಯಾಕ್ ಆನ್ ದ ಸಿಟಿ’ ಇವೆಲ್ಲವೂ ಸರಿ. ಅದೇ ಪದ ಕ್ರಿಯಾಪದವಾಗಿ ‘ರಿಕ್ವೆಸ್ಟೆಡ್’, ‘ಡಿಮಾಂಡೆಡ್’, ‘ಆನ್ಸರ್ಡ್’, ‘ಅಟ್ಯಾಕ್ಟ್’ ಎಂದು ನಿಂತಾಗ ನೇರವಾಗಿ ಕರ್ಮಪದವನ್ನು ತೆಗೆದುಕೊಳ್ಳುತ್ತದೆ. ಸಂದೇಹ ಬಂದಾಗ ಕೇಳಿಕೊಳ್ಳಬೇಕಾದದ್ದು ಇಷ್ಟು: ನಾನು ಇಲ್ಲಿ ಬಳಸುತ್ತಿರುವುದು ನಾಮಪದವೋ, ನಡೆದ ಕೆಲಸವನ್ನು ಹೇಳುವ ಕ್ರಿಯಾಪದವೋ? ಈ ಒಂದು ಪ್ರಶ್ನೆಯಿಂದ ಮೇಲಿನ ತಪ್ಪುಗಳಲ್ಲಿ ಬಹಳಷ್ಟು ತಾವಾಗಿಯೇ ಸರಿಹೋಗುತ್ತವೆ.

ಕೆಲವು ಕ್ರಿಯಾಪದಗಳು ಪ್ರಿಪೊಸಿಷನ್ ಇಲ್ಲದೆ ಒಂದು ಅರ್ಥವನ್ನೂ, ಇದ್ದರೆ ಇನ್ನೊಂದು ಅರ್ಥವನ್ನೂ ಕೊಡುತ್ತವೆ. ‘ಶೀ ಅಟೆಂಡೆಡ್ ದ ಮೀಟಿಂಗ್’ ಎಂದರೆ ಸಭೆಗೆ ಹೋಗಿದ್ದಳು. ‘ಶೀ ಅಟೆಂಡೆಡ್ ಟು ದ ಪೇಷಂಟ್’ ಎಂದರೆ ರೋಗಿಯ ಆರೈಕೆ ನೋಡಿಕೊಂಡಳು. ಕೋಣೆಯೊಳಗೆ ಹೋಗುವುದಕ್ಕೆ ‘ಎಂಟರ್ಡ್’ ಸಾಕು, ಆದರೆ ಎರಡು ಕಡೆಯವರು ಒಪ್ಪಂದ ಮಾಡಿಕೊಂಡರೆ ‘ಎಂಟರ್ಡ್ ಇನ್‌ಟು ಆ್ಯನ್ ಅಗ್ರಿಮೆಂಟ್’ ಎನ್ನಬೇಕು. ‘ಐ ಬಿಲೀವ್ಡ್ ಹಿಮ್’ ಎಂದರೆ ಅವನು ಹೇಳಿದ ಮಾತನ್ನು ನಂಬಿದೆ. ‘ಐ ಬಿಲೀವ್ಡ್ ಇನ್ ಹಿಮ್’ ಎಂದರೆ ಅವನ ಸಾಮರ್ಥ್ಯದಲ್ಲಿ, ಅವನ ವ್ಯಕ್ತಿತ್ವದಲ್ಲಿಯೇ ನಂಬಿಕೆಯಿಟ್ಟೆ.

ಮೂರನೆಯ ಹೆಜ್ಜೆ: ಪ್ರಿಪೊಸಿಷನ್ ಬದಲಾದಾಗ ಕಥೆ ಹೇಗೆ ಬದಲಾಗುತ್ತದೆ ಎಂದು ಗಮನಿಸಿ

‘ಆಟ್’ ಮತ್ತು ‘ಟು’ ಇವೆರಡರಿಂದ ಆರಂಭಿಸುವುದು ಒಳ್ಳೆಯದು. ‘ಹೀ ಥ್ರೂ ದ ಬಾಲ್ ಟು ಮೀ’ ಎಂದರೆ ನಾನು ಹಿಡಿಯಲೆಂದು ಎಸೆದ. ‘ಹೀ ಥ್ರೂ ದ ಬಾಲ್ ಆಟ್ ಮೀ’ ಎಂದರೆ ನನಗೆ ತಗಲಲೆಂದು ಗುರಿಯಿಟ್ಟು ಎಸೆದ. ‘ಶೀ ಶೌಟೆಡ್ ಟು ಅಸ್’ ಎಂದರೆ ದೂರದಲ್ಲಿದ್ದ ನಮಗೆ ಕೇಳಿಸಲೆಂದು ಕೂಗಿದಳು, ‘ಶೀ ಶೌಟೆಡ್ ಆಟ್ ಅಸ್’ ಎಂದರೆ ನಮ್ಮ ಮೇಲೆ ರೇಗಿದಳು. ‘ಟು’ ಬಂದಾಗ ಎದುರಿಗಿರುವವನು ಪಡೆಯುವವನಾಗುತ್ತಾನೆ, ‘ಆಟ್’ ಬಂದಾಗ ಗುರಿಯಾಗುತ್ತಾನೆ. ‘ಲಾಫ್ಟ್ ಆಟ್’, ‘ಲುಕ್ಟ್ ಆಟ್’, ‘ಸ್ಟೇರ್ಡ್ ಆಟ್’, ‘ಪಾಯಿಂಟೆಡ್ ಆಟ್’ ಇವುಗಳಲ್ಲೆಲ್ಲ ಗುರಿ ಎಂಬ ಈ ಎಳೆ ಇದ್ದೇ ಇದೆ.

ಇದೇ ‘ಆಟ್’ ಇನ್ನೂ ಸೂಕ್ಷ್ಮವಾದ ಒಂದು ಕೆಲಸ ಮಾಡುತ್ತದೆ. ‘ದ ಹಂಟರ್ ಶಾಟ್ ದ ಟೈಗರ್’ ಎಂದರೆ ಗುಂಡು ಹುಲಿಗೆ ತಗಲಿತು. ‘ದ ಹಂಟರ್ ಶಾಟ್ ಆಟ್ ದ ಟೈಗರ್’ ಎಂದರೆ ಹುಲಿಯತ್ತ ಗುಂಡು ಹಾರಿಸಿದ್ದು ಮಾತ್ರ ಖಚಿತ, ತಗಲಿತೋ ಇಲ್ಲವೋ ವಾಕ್ಯ ಹೇಳುವುದಿಲ್ಲ. ‘ಕಿಕ್ಟ್ ದ ಡೋರ್’ ಮತ್ತು ‘ಕಿಕ್ಟ್ ಆಟ್ ದ ಡೋರ್’ ನಡುವೆಯೂ ಇಂಥದೇ ಅಂತರವಿದೆ. ವರದಿ ಬರೆಯುವವರು ಇದನ್ನು ವಿಶೇಷವಾಗಿ ಗಮನದಲ್ಲಿಡಬೇಕು, ಎರಡಕ್ಷರದ ಪದವೊಂದು ಘಟನೆಯ ಸತ್ಯವನ್ನೇ ಬದಲಿಸುತ್ತದೆ.

ಕನ್ನಡದ ‘ಕೇಳಿದೆ’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ಸದ್ದು ಕೇಳಿದರೆ ‘ಹರ್ಡ್’, ಹಾಡನ್ನು ಗಮನವಿಟ್ಟು ಕೇಳಿದರೆ ‘ಲಿಸನ್ಡ್ ಟು’, ಪ್ರಶ್ನೆ ಕೇಳಿದರೆ ‘ಆಸ್ಕ್ಟ್’, ಸಹಾಯ ಕೇಳಿದರೆ ‘ಆಸ್ಕ್ಟ್ ಫಾರ್’, ಒಬ್ಬರ ಕ್ಷೇಮ ಸಮಾಚಾರ ಕೇಳಿದರೆ ‘ಆಸ್ಕ್ಟ್ ಆಫ್ಟರ್’. ಇಷ್ಟು ಸಾಲದೆಂಬಂತೆ ‘ಹರ್ಡ್’ ಎಂಬುದೂ ಕವಲೊಡೆಯುತ್ತದೆ. ‘ಐ ಹರ್ಡ್ ಫ್ರಮ್ ಹಿಮ್’ ಎಂದರೆ ಅವನಿಂದಲೇ ಪತ್ರವೋ ಕರೆಯೋ ಬಂತು. ‘ಐ ಹರ್ಡ್ ಅಬೌಟ್ ಹಿಮ್’ ಎಂದರೆ ಅವನ ಕುರಿತು ಬೇರೆಯವರು ಏನೋ ಹೇಳಿದರು. ‘ಐ ಹ್ಯಾಡ್ ಹರ್ಡ್ ಅವ್ ಹಿಮ್’ ಎಂದರೆ ಅಂಥವನೊಬ್ಬನಿದ್ದಾನೆ ಎಂಬುದಷ್ಟೇ ಗೊತ್ತಿತ್ತು.

ಇದೇ ರೀತಿ ‘ಅಗ್ರೀಡ್’ ಎಂಬುದನ್ನೂ ನೋಡಿ. ವ್ಯಕ್ತಿಯ ಅಭಿಪ್ರಾಯವನ್ನು ಒಪ್ಪಿದರೆ ‘ಅಗ್ರೀಡ್ ವಿತ್’, ಮುಂದಿಟ್ಟ ಪ್ರಸ್ತಾಪಕ್ಕೆ ಸಮ್ಮತಿಸಿದರೆ ‘ಅಗ್ರೀಡ್ ಟು’, ಎರಡೂ ಕಡೆಯವರು ಸೇರಿ ಒಂದು ದಿನಾಂಕವನ್ನೋ ಷರತ್ತನ್ನೋ ನಿಗದಿ ಮಾಡಿಕೊಂಡರೆ ‘ಅಗ್ರೀಡ್ ಆನ್’. ಅರ್ಜಿ ಹಾಕುವಾಗ ಕೆಲಸಕ್ಕೆ ‘ಅಪ್ಲೈಡ್ ಫಾರ್’, ಸಂಸ್ಥೆಗೆ ‘ಅಪ್ಲೈಡ್ ಟು’. ‘ಲುಕ್ಟ್’ ವಿಚಾರದಲ್ಲಿ ‘ಫಾರ್’ ಹುಡುಕುವಿಕೆಯನ್ನೂ, ‘ಆಫ್ಟರ್’ ಆರೈಕೆಯನ್ನೂ, ‘ಇನ್‌ಟು’ ವಿಚಾರಣೆಯನ್ನೂ ಸೂಚಿಸುತ್ತವೆ.

ಸ್ಥಳದ ವಿಷಯದಲ್ಲಿ ನೆನಪಿಡಬೇಕಾದದ್ದು ಕಡಿಮೆ. ‘ಅರೈವ್ಡ್’ ಎಂಬುದಕ್ಕೆ ‘ಟು’ ಸೇರುವುದಿಲ್ಲ. ದೇಶ, ನಗರಗಳಿಗೆ ‘ಅರೈವ್ಡ್ ಇನ್’, ನಿಲ್ದಾಣ, ಕಟ್ಟಡಗಳಂಥ ನಿರ್ದಿಷ್ಟ ಜಾಗಕ್ಕೆ ‘ಅರೈವ್ಡ್ ಆಟ್’. ‘ಹೋಮ್’, ‘ಹಿಯರ್’, ‘ದೇರ್’ ಬಂದಾಗ ‘ವೆಂಟ್’, ‘ಕೇಮ್’, ‘ಅರೈವ್ಡ್’ ಯಾವುದಕ್ಕೂ ಪ್ರಿಪೊಸಿಷನ್ ಬೇಡ. ಕಿವಿಗೆ ಒಂದೇ ಆಗಿ ಕೇಳಿಸುವ ಒಂದು ಜೋಡಿಯನ್ನೂ ಇಲ್ಲಿಯೇ ಹೇಳಬೇಕು. ‘ಶೀ ಪಾಸ್ಟ್ ದ ಗೇಟ್’ ಎಂಬಲ್ಲಿ ‘ಪಾಸ್ಟ್’ ಭೂತಕಾಲದ ಕ್ರಿಯಾಪದ, ಅದರ ಕೊನೆಯಲ್ಲಿ ‘ಇಡಿ’ ಬರೆಯಬೇಕು. ‘ಶೀ ವಾಕ್ಟ್ ಪಾಸ್ಟ್ ದ ಗೇಟ್’ ಎಂಬಲ್ಲಿ ಅದೇ ಧ್ವನಿ ಪ್ರಿಪೊಸಿಷನ್ ಆಗಿ ‘ಎಸ್‌ಟಿ’ಯಿಂದ ಮುಗಿಯುತ್ತದೆ. ವಾಕ್ಯದಲ್ಲಿ ಬೇರೆ ಕ್ರಿಯಾಪದ ಈಗಾಗಲೇ ಇದ್ದರೆ ಅದು ಪ್ರಿಪೊಸಿಷನ್.

ನಾಲ್ಕನೆಯ ಹೆಜ್ಜೆ: ವ್ಯಕ್ತಿ ಮತ್ತು ವಸ್ತು ಎರಡೂ ಇದ್ದಾಗ ಯಾವುದು ಮೊದಲು ಎಂದು ಗೊತ್ತುಮಾಡಿಕೊಳ್ಳಿ

‘ಟೋಲ್ಡ್’ ನೇರವಾಗಿ ವ್ಯಕ್ತಿಯನ್ನು ತೆಗೆದುಕೊಳ್ಳುತ್ತದೆ: ‘ಐ ಟೋಲ್ಡ್ ಹರ್ ದ ನ್ಯೂಸ್’. ‘ಸೆಡ್’ ಮತ್ತು ‘ಎಕ್ಸ್‌ಪ್ಲೇನ್ಡ್’ ಹಾಗಲ್ಲ, ವ್ಯಕ್ತಿಯ ಹಿಂದೆ ಅವುಗಳಿಗೆ ‘ಟು’ ಬೇಕು: ‘ಹೀ ಎಕ್ಸ್‌ಪ್ಲೇನ್ಡ್ ದ ರೂಲ್ ಟು ಅಸ್’. ‘ಎಕ್ಸ್‌ಪ್ಲೇನ್ಡ್ ಅಸ್ ದ ರೂಲ್’ ಎಂಬುದು ತಪ್ಪು.

ಕದಿಯುವ ಕ್ರಿಯೆಯನ್ನು ಹೇಳುವ ಎರಡು ಪದಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ನಡೆಯುತ್ತವೆ. ‘ಸ್ಟೋಲ್’ ನಂತರ ಕದ್ದ ವಸ್ತು ಬಂದು, ಕಳೆದುಕೊಂಡವನು ‘ಫ್ರಮ್’ ಜೊತೆ ಬರುತ್ತಾನೆ: ‘ದೇ ಸ್ಟೋಲ್ ಮನಿ ಫ್ರಮ್ ಹಿಮ್’. ‘ರಾಬ್ಡ್’ ನಂತರ ಕಳೆದುಕೊಂಡವನು ಬಂದು, ವಸ್ತು ‘ಅವ್’ ಜೊತೆ ಬರುತ್ತದೆ: ‘ದೇ ರಾಬ್ಡ್ ಹಿಮ್ ಅವ್ ಹಿಸ್ ಮನಿ’. ದೂಷಣೆಯ ‘ಬ್ಲೇಮ್ಡ್’ ಎರಡೂ ದಾರಿಯಲ್ಲಿ ಹೋಗಬಲ್ಲದು: ‘ಬ್ಲೇಮ್ಡ್ ಹಿಮ್ ಫಾರ್ ದ ಡಿಲೇ’, ‘ಬ್ಲೇಮ್ಡ್ ದ ಡಿಲೇ ಆನ್ ಹಿಮ್’. ‘ಅಕ್ಯೂಸ್ಡ್ ಹಿಮ್ ಅವ್’, ‘ಥ್ಯಾಂಕ್ಟ್ ಹರ್ ಫಾರ್’, ‘ಕಂಗ್ರಾಚುಲೇಟೆಡ್ ಹರ್ ಆನ್’, ‘ಪ್ರಿವೆಂಟೆಡ್ ಅಸ್ ಫ್ರಮ್’, ‘ಪ್ರೊವೈಡೆಡ್ ದೆಮ್ ವಿತ್’ ಇವನ್ನು ನಡುವಿನ ವ್ಯಕ್ತಿಯ ಸಮೇತ ಬರೆದುಕೊಂಡರೆ ಕ್ರಮವೂ ನೆನಪಿನಲ್ಲಿ ಉಳಿಯುತ್ತದೆ.

ಐದನೆಯ ಹೆಜ್ಜೆ: ‘ಇಟ್’ ಇಟ್ಟು ಪರೀಕ್ಷಿಸಿ

ಕ್ರಿಯಾಪದದ ನಂತರ ಬರುವ ಎಲ್ಲ ಚಿಕ್ಕ ಪದಗಳೂ ಪ್ರಿಪೊಸಿಷನ್‌ಗಳಲ್ಲ. ‘ಟರ್ನ್ಡ್ ಆಫ್ ದ ಲೈಟ್’ ಎಂಬಲ್ಲಿ ‘ಆಫ್’ ಕ್ರಿಯಾಪದಕ್ಕೇ ಸೇರಿದ ಅವ್ಯಯ. ಹೀಗಾಗಿ ಅದನ್ನು ‘ಟರ್ನ್ಡ್ ದ ಲೈಟ್ ಆಫ್’ ಎಂದೂ ಸರಿಸಬಹುದು. ನಾಮಪದದ ಬದಲು ‘ಇಟ್’ ಬಂದರೆ ಸರಿಸಲೇಬೇಕು: ‘ಟರ್ನ್ಡ್ ಇಟ್ ಆಫ್’ ಸರಿ, ‘ಟರ್ನ್ಡ್ ಆಫ್ ಇಟ್’ ತಪ್ಪು. ನಿಜವಾದ ಪ್ರಿಪೊಸಿಷನ್ ಇದ್ದಲ್ಲಿ ಇದರ ವಿರುದ್ಧ: ‘ಲುಕ್ಟ್ ಆಟ್ ಇಟ್’ ಮಾತ್ರ ಸರಿ.

ಎರಡೂ ಸ್ವಭಾವಗಳು ಒಂದೇ ರೂಪದಲ್ಲಿ ಅಡಗಿರುವುದುಂಟು. ‘ಹೀ ರ್‍ಯಾನ್ ಅಪ್ ಎ ಹಿಲ್’ ಎಂದರೆ ಗುಡ್ಡ ಹತ್ತಿ ಓಡಿದ. ಇಲ್ಲಿ ‘ಹೀ ರ್‍ಯಾನ್ ಅಪ್ ಇಟ್’ ಆಗುತ್ತದೆ. ‘ಹೀ ರ್‍ಯಾನ್ ಅಪ್ ಎ ಬಿಲ್’ ಎಂದರೆ ಬಾಕಿ ಬೆಳೆಸಿದ. ಇಲ್ಲಿ ‘ಹೀ ರ್‍ಯಾನ್ ಇಟ್ ಅಪ್’ ಆಗಬೇಕು. ಮೂರು ಪದಗಳ ಗೊಂಚಲುಗಳಾದ ‘ಪುಟ್ ಅಪ್ ವಿತ್’, ‘ರ್‍ಯಾನ್ ಔಟ್ ಅವ್’, ‘ಕೇಮ್ ಅಪ್ ವಿತ್’, ‘ಕಾಟ್ ಅಪ್ ವಿತ್’ ಇವುಗಳಲ್ಲಿ ಕೊನೆಯ ಪದ ಪ್ರಿಪೊಸಿಷನ್ ಆದ್ದರಿಂದ ‘ಇಟ್’ ಯಾವಾಗಲೂ ಎಲ್ಲದರ ಕೊನೆಗೆ ಬರುತ್ತದೆ. ಪ್ರಿಪೊಸಿಷನ್ ನಂತರದ ಸರ್ವನಾಮ ‘ಮೀ’, ‘ಹಿಮ್’, ‘ಹರ್’, ‘ದೆಮ್’ ರೂಪದಲ್ಲಿಯೇ ಇರಬೇಕು.

ಆರನೆಯ ಹೆಜ್ಜೆ: ಸಮಯ ಸೂಚಿಸುವ ಪದವನ್ನು ಕ್ರಿಯೆಯ ಸ್ವರೂಪಕ್ಕೆ ಹೊಂದಿಸಿ

ಗಡಿಯಾರದ ಸಮಯಕ್ಕೆ ‘ಆಟ್’, ದಿನಕ್ಕೂ ದಿನಾಂಕಕ್ಕೂ ‘ಆನ್’, ತಿಂಗಳಿಗೂ ವರ್ಷಕ್ಕೂ ‘ಇನ್’ ಎಂಬುದು ಎಲ್ಲರಿಗೂ ಗೊತ್ತಿರುವ ಪಾಠ. ‘ಲಾಸ್ಟ್ ವೀಕ್’, ‘ಯೆಸ್ಟರ್‌ಡೇ’ ಮುಂತಾದವಕ್ಕೆ ಇವು ಯಾವುವೂ ಬೇಡ.

ಇದಕ್ಕಿಂತ ಮುಖ್ಯವಾದದ್ದು ‘ಫಾರ್’ ಮತ್ತು ‘ಇನ್’ ನಡುವಿನ ಆಯ್ಕೆ. ‘ಶೀ ರೆಡ್ ದ ಬುಕ್ ಇನ್ ಟೂ ಅವರ್ಸ್’ ಎಂದರೆ ಎರಡು ಗಂಟೆಯಲ್ಲಿ ಓದಿ ಮುಗಿಸಿದಳು. ‘ಶೀ ರೆಡ್ ದ ಬುಕ್ ಫಾರ್ ಟೂ ಅವರ್ಸ್’ ಎಂದರೆ ಎರಡು ಗಂಟೆಯ ಕಾಲ ಓದಿದಳು, ಮುಗಿಸಿದಳೆಂಬ ಸೂಚನೆಯಿಲ್ಲ. ಕನ್ನಡದಲ್ಲಿ ಈ ವ್ಯತ್ಯಾಸವನ್ನು ‘ಮುಗಿಸು’ ಎಂಬ ಇನ್ನೊಂದು ಕ್ರಿಯಾಪದ ಸೇರಿಸಿ ಸ್ಪಷ್ಟಪಡಿಸುತ್ತೇವೆ. ಇಂಗ್ಲಿಷಿನಲ್ಲಿ ‘ರೆಡ್’ ಹಾಗೆಯೇ ಇದ್ದು ಪ್ರಿಪೊಸಿಷನ್ ಒಂದೇ ಆ ಹೊಣೆಯನ್ನು ಹೊರುತ್ತದೆ. ತಕ್ಷಣ ಮುಗಿಯುವ ‘ಫೌಂಡ್’, ‘ಅರೈವ್ಡ್’ ಇಂಥವು ‘ಫಾರ್’ ಜೊತೆ ಕೂಡುವುದಿಲ್ಲ. ಮುಂದುವರಿಯುವ ‘ಸ್ಲೆಪ್ಟ್’, ‘ವೇಟೆಡ್’ ಇಂಥವಕ್ಕೆ ‘ಫಾರ್’ ಸಹಜ.

‘ಎರಡು ವರ್ಷದಿಂದ’ ಎಂಬ ನಮ್ಮ ಪ್ರಯೋಗ ‘ಸಿನ್ಸ್ ಟೂ ಇಯರ್ಸ್’ ಎಂಬ ತಪ್ಪಿಗೆ ಕಾರಣವಾಗುತ್ತದೆ. ಅವಧಿಯನ್ನು ಹೇಳುವಾಗ ‘ಫಾರ್’ ಬೇಕು, ಆರಂಭದ ಬಿಂದುವನ್ನು ಹೇಳುವಾಗ ‘ಸಿನ್ಸ್’. ಅದೂ ಸರಳ ಭೂತಕಾಲದ ಜೊತೆಯಲ್ಲಿ ಅಲ್ಲ, ‘ಹ್ಯಾವ್’ ಅಥವಾ ‘ಹ್ಯಾಡ್’ ಇರುವ ರೂಪದ ಜೊತೆ: ‘ಶೀ ಹ್ಯಾಡ್ ಲಿವ್ಡ್ ದೇರ್ ಸಿನ್ಸ್ 2015’. ‘ಅಗೋ’ ಬಂದರೆ ಸರಳ ಭೂತಕಾಲವೇ ಬೇಕು, ಅದು ಕನ್ನಡದ ‘ಹಿಂದೆ’ ಎಂಬುದರಂತೆ ಅವಧಿಯ ನಂತರ ಬರುತ್ತದೆ: ‘ಶೀ ಲೆಫ್ಟ್ ಟೂ ಇಯರ್ಸ್ ಅಗೋ’. ‘ವೇಟೆಡ್ ಅಂಟಿಲ್ ಸಿಕ್ಸ್’ ಎಂದರೆ ಆರರವರೆಗೂ ಕಾಯುತ್ತಲೇ ಇದ್ದ, ‘ಹ್ಯಾಡ್ ಲೆಫ್ಟ್ ಬೈ ಸಿಕ್ಸ್’ ಎಂದರೆ ಆರು ಗಂಟೆಯಾಗುವಷ್ಟರಲ್ಲಿ ಹೊರಟಾಗಿತ್ತು.

ಏಳನೆಯ ಹೆಜ್ಜೆ: ‘ವಾಸ್’ ಜೊತೆಯಲ್ಲಿ ಬರುವ ರೂಪಗಳನ್ನು ಬೇರೆಯಾಗಿ ಕಲಿಯಿರಿ

‘ಮ್ಯಾರೀಡ್ ಹರ್’ ಎಂಬುದಕ್ಕೆ ಪ್ರಿಪೊಸಿಷನ್ ಬೇಡ, ಆದರೆ ‘ವಾಸ್ ಮ್ಯಾರೀಡ್ ಟು ಹರ್’ ಎಂಬುದಕ್ಕೆ ‘ಟು’ ಬೇಕು. ‘ವಾಸ್ ಇಂಟರೆಸ್ಟೆಡ್ ಇನ್’, ‘ವಾಸ್ ವರೀಡ್ ಅಬೌಟ್’, ‘ವಾಸ್ ಡಿವೈಡೆಡ್ ಇನ್‌ಟು’ ಇವು ಹೀಗೆಯೇ ನಿಂತಿರುವ ಜೋಡಿಗಳು. ‘ವಾಸ್ ಟೈರ್ಡ್ ಅವ್ ವಾಕಿಂಗ್’ ಎಂದರೆ ನಡೆದು ನಡೆದು ಬೇಸತ್ತಿದ್ದ, ‘ವಾಸ್ ಟೈರ್ಡ್ ಫ್ರಮ್ ವಾಕಿಂಗ್’ ಎಂದರೆ ನಡೆದದ್ದರಿಂದ ದಣಿದಿದ್ದ. ಮೂಲವಸ್ತು ಕಣ್ಣಿಗೆ ಕಾಣುವಂತೆ ಉಳಿದಿದ್ದರೆ ‘ವಾಸ್ ಮೇಡ್ ಅವ್ ವುಡ್’, ರೂಪಾಂತರವಾಗಿದ್ದರೆ ‘ವಾಸ್ ಮೇಡ್ ಫ್ರಮ್ ಮಿಲ್ಕ್’ ಎಂಬುದು ಸಾಮಾನ್ಯ ರೂಢಿ.

‘ಯೂಸ್ಡ್ ಟು’ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ‘ಐ ಯೂಸ್ಡ್ ಟು ಗೆಟ್ ಅಪ್ ಅರ್ಲಿ’ ಎಂದರೆ ಹಿಂದೆ ಬೇಗ ಏಳುತ್ತಿದ್ದೆ. ‘ಐ ವಾಸ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ’ ಎಂದರೆ ಬೇಗ ಏಳುವುದು ನನಗೆ ರೂಢಿಯಾಗಿತ್ತು. ಎರಡನೆಯದರಲ್ಲಿ ‘ಟು’ ಪ್ರಿಪೊಸಿಷನ್ ಆಗಿರುವುದರಿಂದ ಅದರ ನಂತರ ‘ಇಂಗ್’ ರೂಪ ಬಂದಿದೆ. ಪ್ರಿಪೊಸಿಷನ್ ನಂತರ ಕ್ರಿಯಾಪದ ಬರಬೇಕಾದಾಗಲೆಲ್ಲ ಇದೇ ನಿಯಮ: ‘ಲುಕ್ಟ್ ಫಾರ್ವರ್ಡ್ ಟು ಮೀಟಿಂಗ್’, ‘ಸಕ್ಸೀಡೆಡ್ ಇನ್ ಫೈಂಡಿಂಗ್’, ‘ಅಪಾಲಜೈಸ್ಡ್ ಫಾರ್ ಬೀಯಿಂಗ್ ಲೇಟ್’.

ಎಂಟನೆಯ ಹೆಜ್ಜೆ: ಪ್ರಶ್ನೆಯಲ್ಲಿಯೂ ಕರ್ಮಣಿಯಲ್ಲಿಯೂ ಚಿಕ್ಕ ಪದವನ್ನು ಕಳೆದುಕೊಳ್ಳಬೇಡಿ

‘ಡಿಡ್’ ಬಂದಾಗ ಕ್ರಿಯಾಪದ ಮೂಲರೂಪಕ್ಕೆ ಮರಳುತ್ತದೆ, ಪ್ರಿಪೊಸಿಷನ್ ಮಾತ್ರ ಉಳಿಯುತ್ತದೆ: ‘ಹೂ ಡಿಡ್ ಯೂ ವೇಟ್ ಫಾರ್?’, ‘ವಾಟ್ ಡಿಡ್ ಶೀ ಲುಕ್ ಆಟ್?’. ಕರ್ಮಣಿಯಲ್ಲಿಯೂ ಹಾಗೆಯೇ: ‘ದ ಚೈಲ್ಡ್ ವಾಸ್ ಲುಕ್ಟ್ ಆಫ್ಟರ್ ಬೈ ಹರ್ ಆಂಟ್’. ಇಲ್ಲಿ ‘ಆಫ್ಟರ್’ ಮತ್ತು ‘ಬೈ’ ಅಕ್ಕಪಕ್ಕದಲ್ಲಿ ಬರುವುದನ್ನು ಕಂಡು ಒಂದನ್ನು ತೆಗೆದುಹಾಕುವವರಿದ್ದಾರೆ, ಹಾಗೆ ಮಾಡಬಾರದು. ಎರಡಕ್ಕೂ ಬೇರೆ ಬೇರೆ ಕೆಲಸವಿದೆ.

ವಾಕ್ಯವು ಪ್ರಿಪೊಸಿಷನ್‌ನಿಂದ ಕೊನೆಗೊಳ್ಳಬಾರದು ಎಂಬ ನಿಯಮವನ್ನು ಹಲವರು ಕೇಳಿರುತ್ತಾರೆ. ಕವಿ ಜಾನ್ ಡ್ರೈಡನ್ 1672ರಲ್ಲಿ ಹಿಂದಿನ ತಲೆಮಾರಿನ ನಾಟಕಕಾರ ಬೆನ್ ಜಾನ್ಸನ್‌ನ ವಾಕ್ಯಗಳಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ, ಮುಂದೆ ಶಾಲಾ ವ್ಯಾಕರಣಗಳು ಅದನ್ನು ನಿಯಮದಂತೆ ಕಲಿಸಿದವು. 1926ರಲ್ಲಿ ಇಂಗ್ಲಿಷ್ ಬಳಕೆಯ ಕೋಶ ಬರೆದ ಎಚ್. ಡಬ್ಲ್ಯು. ಫೌಲರ್ ಇದನ್ನು ಮೂಢನಂಬಿಕೆ ಎಂದೇ ಕರೆದರು. ಇಂದಿನ ಬಳಕೆಯಲ್ಲಿ ‘ದ ಮ್ಯಾನ್ ಐ ಸ್ಪೋಕ್ ಟು’ ಎಂಬುದು ಸಂಪೂರ್ಣ ಸರಿಯಾದ ಇಂಗ್ಲಿಷ್. ತೀರಾ ಔಪಚಾರಿಕ ಪತ್ರದಲ್ಲಿ ‘ದ ಮ್ಯಾನ್ ಟು ಹೂಮ್ ಐ ಸ್ಪೋಕ್’ ಎಂದು ಬರೆಯಬಹುದು.

ಒಂಬತ್ತನೆಯ ಹೆಜ್ಜೆ: ಅಭ್ಯಾಸ

ಒಂದು ಪುಟದಷ್ಟು ಇಂಗ್ಲಿಷ್ ಸುದ್ದಿ ವರದಿಯನ್ನೋ ಕಥೆಯನ್ನೋ ಆರಿಸಿಕೊಳ್ಳಿ. ನಡೆದುಹೋದದ್ದನ್ನು ಹೇಳುವ ಬರಹವಾದ್ದರಿಂದ ಅದರಲ್ಲಿ ಭೂತಕಾಲದ ಕ್ರಿಯಾಪದಗಳು ತುಂಬಿರುತ್ತವೆ. ಪ್ರತಿ ಕ್ರಿಯಾಪದಕ್ಕೂ ಅದರ ನಂತರದ ಪ್ರಿಪೊಸಿಷನ್‌ಗೂ ಒಟ್ಟಿಗೆ ಗೆರೆ ಎಳೆಯಿರಿ, ಪ್ರಿಪೊಸಿಷನ್ ಇಲ್ಲದಿದ್ದರೆ ಆ ಜಾಗಕ್ಕೂ ಗುರುತು ಹಾಕಿ. ಇಲ್ಲದಿರುವುದನ್ನು ಗುರುತಿಸುವುದೇ ಈ ಅಭ್ಯಾಸದ ಹೆಚ್ಚು ಫಲ ಕೊಡುವ ಭಾಗ. ಬಳಿಕ ಪ್ರಿಪೊಸಿಷನ್‌ಗಳನ್ನು ಮಾತ್ರ ಅಳಿಸಿ ಆ ಪುಟವನ್ನು ನಕಲು ಮಾಡಿಟ್ಟುಕೊಂಡು, ಕೆಲವು ದಿನ ಬಿಟ್ಟು ನೀವೇ ತುಂಬಿ, ಮೂಲದೊಂದಿಗೆ ಹೋಲಿಸಿ. ತಪ್ಪಿದ ಜೋಡಿಗಳನ್ನು ಪೂರ್ಣ ವಾಕ್ಯದ ರೂಪದಲ್ಲಿ ಟಿಪ್ಪಣಿ ಪುಸ್ತಕಕ್ಕೆ ಸೇರಿಸಿ. ನಿಘಂಟನ್ನು ತೆರೆದಾಗ ಅರ್ಥಕ್ಕಿಂತ ಮೊದಲು ಉದಾಹರಣಾ ವಾಕ್ಯಗಳನ್ನು ಓದಿರಿ. ಕಲಿಯುವವರಿಗಾಗಿಯೇ ರೂಪಿಸಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟುಗಳಲ್ಲಿ ಈ ಜೋಡಿಗಳನ್ನು ದಪ್ಪಕ್ಷರದಲ್ಲಿ ಕೊಟ್ಟಿರುತ್ತಾರೆ.

ಹುಡುಕುವಾಗ ಎರಡು ಉತ್ತರಗಳು ಸಿಕ್ಕರೆ ಗೊಂದಲಪಡಬೇಕಾಗಿಲ್ಲ. ಬ್ರಿಟಿಷ್ ಬಳಕೆಯಲ್ಲಿ ‘ರೋಟ್ ಟು ಮೀ’, ‘ಪ್ರೊಟೆಸ್ಟೆಡ್ ಅಗೇನ್ಸ್ಟ್ ದ ಡಿಸಿಷನ್’, ‘ಅಪೀಲ್ಡ್ ಅಗೇನ್ಸ್ಟ್ ದ ವರ್ಡಿಕ್ಟ್’ ಎಂದಿರುವುದು ಅಮೆರಿಕನ್ ಬಳಕೆಯಲ್ಲಿ ‘ರೋಟ್ ಮೀ’, ‘ಪ್ರೊಟೆಸ್ಟೆಡ್ ದ ಡಿಸಿಷನ್’, ‘ಅಪೀಲ್ಡ್ ದ ವರ್ಡಿಕ್ಟ್’ ಎಂದಿರುತ್ತದೆ. ನಿಮ್ಮ ಓದುಗರು ಯಾರೆಂದು ನೋಡಿ ಒಂದನ್ನು ಆರಿಸಿಕೊಳ್ಳಿ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ.